ಹಳ್ಳ ಬಂದರೆ ಠೇವಣಿ

ಸರಕಾರಿ ಕೆಲಸ ಹಿಡಿದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನಡೆದಿಲ್ಲ ಎಂದರೆ ಅವನು ಕೆಲಸ ಹಿಡಿದಿಲ್ಲ, ಇಲ್ಲವೇ ಹಿಡಿದ ಕೆಲಸದ ಬಿಲ್ಲು ಕೇಳಿಲ್ಲ. ನಾನು ಎರಡನ್ನೂ ಮಾಡಿದವನು. ತೊಂಬತ್ತರ ದಶಕದ ಕೊನೆಯಿಂದ ಹಿಡಿದು ಮುಂದಿನ ಏಳೆಂಟು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಮೂರನೇ ದರ್ಜೆಯ ಗುತ್ತಿಗೆದಾರನಾಗಿ ಮೋಟರ್ ಸೈಕಲ್ಲು ಸವೆಸಿದೆ. ಮೂರನೇ ದರ್ಜೆ ಅನ್ನುವುದು ಲೈಸೆನ್ಸಿನ ಮೇಲೆ ಇದ್ದ ಮಾತು, ಕೆಲಸದ ಮೇಲೆ ಅಲ್ಲ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನನ್ನ ಹಕ್ಕಿನ ರೊಕ್ಕವನ್ನು ನಾನು ಬಿಟ್ಟವನಲ್ಲ. ಹಾಗೆಂದು ಎಲ್ಲ ಸಲವೂ ನಾನೇ ಗೆದ್ದೆ ಅಂತ ಹೇಳಿದರೆ ಮೋರಟಗಿ ಕಡೆಯ ಎಮ್ಮೆಗಳೂ ನಕ್ಕಾವು. ಅಲ್ಲಿಂದಲೇ ಶುರು ಮಾಡುತ್ತೇನೆ.

೧. ದನದ ದವಾಖಾನೆಯ ಕೀಲಿ

ಆಗ ನಮ್ಮ ಭಾಗದ ಸಣ್ಣ ಗುತ್ತಿಗೆದಾರರಿಗೆ ಬಿಲ್ಲಿನ ರಕ್ಷಣೆಗೆ ಇದ್ದದ್ದು ಒಂದೇ ಸಾಧನ, ಕೀಲಿ. ಕಟ್ಟಡ ಮುಗಿದ ದಿನವೇ ಬಾಗಿಲಿಗೆ ಸ್ವಂತ ಕೀಲಿ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮನೆಗೆ ಹೋಗುವುದು. ಶಾಲೆಯಾದರೆ ಮಾಸ್ತರರು ಮೇಲಿನವರಿಗೆ ಬರೆಯುತ್ತಾರೆ, ಚಾವಡಿಯಾದರೆ ಊರವರು ಕೂಗಾಡುತ್ತಾರೆ, ಆ ಗದ್ದಲಕ್ಕೆ ಬಿಲ್ಲು ತಾನಾಗಿ ನಡೆದು ಬರುತ್ತದೆ ಎಂಬುದು ಎಲ್ಲರ ನಂಬಿಕೆ.

ಮೋರಟಗಿ ಸಮೀಪದ ಒಂದು ಹಳ್ಳಿಯಲ್ಲಿ ನಾನು ದನದ ದವಾಖಾನೆ ಕಟ್ಟಿದೆ. ಎರಡು ಖೋಲಿ, ಮುಂದೆ ಒಂದು ಪಡಸಾಲೆ. ಕೊನೆಯ ಬಿಲ್ಲು ಬರಲಿಲ್ಲ, ನಾನು ಕೀಲಿ ಜಡಿದೆ. ಅಷ್ಟರಲ್ಲಿ ಹೊಸ ಡಾಕ್ಟರರು ಬಂದರು. ಬಿಲ್ಲು ಬರುವ ತನಕ ಬಾಗಿಲು ತೆರೆಯುವುದಿಲ್ಲ ಎಂದು ಅವರಿಗೆ ಗಟ್ಟಿಯಾಗಿಯೇ ಹೇಳಿದೆ. ಅವರು ಸಿಟ್ಟಾಗುತ್ತಾರೆ, ಕಾಗದ ಬರೆಯುತ್ತಾರೆ ಎಂದು ನನ್ನ ಲೆಕ್ಕ. ಅವರು ಸೂರ್ಯನನ್ನು ಒಮ್ಮೆ ನೋಡಿ, ನೆರಳು ಎತ್ತ ಕಡೆ ಬೀಳುತ್ತದೆ ಎಂದು ಅಂದಾಜು ಮಾಡಿ, ಬೇವಿನ ಮರದ ಬುಡಕ್ಕೆ ಕುರ್ಚಿ ಹಾಕಿಸಿಕೊಂಡರು.

ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಡಾಕ್ಟರರು ಬೇಸತ್ತಿದ್ದಾರೋ ಹೇಗೆ ಎಂದು. ಬೇಸರದ ಸುದ್ದಿಯೇ ಇಲ್ಲ. ಎಮ್ಮೆ ಬರುತ್ತಿದ್ದವು, ಸೂಜಿ ಮಾಡಿಸಿಕೊಳ್ಳುತ್ತಿದ್ದವು, ಹೋಗುತ್ತಿದ್ದವು. ಎರಡು ತಿಂಗಳಾದ ಮೇಲೆ ನಾನೇ ಸೋತು, ಬಿಸಿಲಿನಲ್ಲಿ ಕೂರುವುದು ಯಾಕೆ, ಮೇಲಿನವರಿಗೆ ಒಂದು ಕಾಗದ ಬರೆಯಬಾರದೇ ಎಂದು ಕೇಳಿದೆ.

"ಎಮ್ಮಿ ಒಳಗ ಬರಂಗಿಲ್ರಿ ಗುತ್ತೇದಾರ್ರ. ಬಂದ್ರ ಹೊರಗ ಹೋಗಂಗಿಲ್ಲ. ನಿಮ್ಮ ಕೀಲಿ ನಿಮಗ ಇರ್ಲಿ," ಎಂದರು.

ಅಷ್ಟರಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಸ್ಲಾಬ್ ಹಾಕುವ ತಗಡು, ಆಸರೆಗೆ ನಿಲ್ಲಿಸುವ ಬಲ್ಲಿಗಳೆಲ್ಲ ಆ ಖೋಲಿಯೊಳಗೇ ಇದ್ದವು. ಒಂದು ದಿನ ಮುಂಜಾನೆ ಕೀಲಿ ತೆಗೆದು, ಸಾಮಾನೆಲ್ಲ ಟ್ರ್ಯಾಕ್ಟರಿಗೆ ಹೇರಿಸಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಒಳಗೆ ಡಾಕ್ಟರರ ಮೇಜು ಬಂದಿತ್ತು, ಮೇಜಿನ ಮೇಲೆ ಬಾಟಲಿ ಸಾಲಾಗಿ ನಿಂತಿದ್ದವು, ಬಾಗಿಲ ಚಿಲಕಕ್ಕೆ ಹೊಸ ಕೀಲಿ ತೂಗುತ್ತಿತ್ತು. ಡಾಕ್ಟರರು ನನ್ನನ್ನು ಬಹಳ ಮರ್ಯಾದೆಯಿಂದ ಬೀಳ್ಕೊಟ್ಟರು. "ಬಿಲ್ ಬಂದ ಮ್ಯಾಲ ಒಮ್ಮಿ ಬರ್ರಿ," ಎಂದರು, "ಕೀಲಿ ತಗದು ಒಳಗ ತೋರಸ್ತೇನಿ."

೨. ಕಲಂ

ಕೀಲಿಯ ಮೇಲಿನ ನಂಬಿಕೆ ಹೋದ ಮೇಲೆ ನಾನು ಕಾಗದವನ್ನು ನಂಬಲು ನಿರ್ಧರಿಸಿದೆ. ಮುಂದಿನ ಕೆಲಸ ಇಂಡಿ ತಾಲ್ಲೂಕಿನಲ್ಲಿ, ಹೊರ್ತಿಯ ಕಡೆ ಒಂದು ಹಳ್ಳಕ್ಕೆ ಸಣ್ಣ ಸೇತುವೆ. ನಮ್ಮ ಮಂದಿಯ ಬಾಯಲ್ಲಿ ಅದು ಪೂಲು. ಟೆಂಡರು ನನ್ನ ಹೆಸರಿಗೆ ಆದ ದಿನ ಕಚೇರಿಯ ಗುಮಾಸ್ತರು ಕರಾರು ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಪದ್ಧತಿ ಏನೆಂದರೆ, ಅವರು ಹಾಳೆ ತಿರುವುತ್ತಾ ಹೋಗಬೇಕು, ಗುತ್ತಿಗೆದಾರ ಕೆಳಗೆ ಸಹಿ ಹಾಕುತ್ತಾ ಹೋಗಬೇಕು. ಪಳಗಿದವರು ಐದು ನಿಮಿಷದಲ್ಲಿ ಮುಗಿಸಿ ಚಹಾಕ್ಕೆ ಎದ್ದು ಹೋಗುತ್ತಿದ್ದರು. ನಾನು ಮೊದಲ ಹಾಳೆಯಲ್ಲೇ ನಿಂತುಬಿಟ್ಟೆ.

ಗುಮಾಸ್ತರು ಸ್ವಲ್ಪ ಹೊತ್ತು ಕಾದು, ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಓದುತ್ತಿದ್ದೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಓದಾಕ ಕೊಟ್ಟಿಲ್ರಿ ಅದನ್ನ. ಸಹಿ ಮಾಡಾಕ ಕೊಟ್ಟೇವಿ."

ಸಹಿಯನ್ನೂ ಮಾಡಿದೆ, ಒಂದು ಪ್ರತಿಯನ್ನೂ ಮನೆಗೆ ತಂದೆ. ಅದೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಡಿಕ್ಷನರಿ ಇಟ್ಟುಕೊಂಡು ಒಂದು ವಾರ ಓದಿದೆ. ಗುತ್ತಿಗೆದಾರನನ್ನು ಹೆದರಿಸುವ ಕಲಮುಗಳು ಬೇಕಾದಷ್ಟಿದ್ದವು, ಕಾಯುವ ಕಲಮುಗಳು ನಾಲ್ಕೈದು. ಕೆಲಸ ಇಷ್ಟಾದರೆ ಅಳತೆ ಮಾಡಿ ಅಷ್ಟರ ಬಿಲ್ಲು ಕೊಡಬೇಕು. ಪ್ರತಿ ಬಿಲ್ಲಿನಿಂದ ಹಿಡಿದುಕೊಂಡ ಠೇವಣಿಯನ್ನು ಅವಧಿ ಮುಗಿದ ಮೇಲೆ ವಾಪಸ್ ಕೊಡಬೇಕು. ನಾನು ಆ ನಾಲ್ಕೈದನ್ನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಬಾಯಿಪಾಠ ಮಾಡಿದೆ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎಲ್ಲಿ ಹೋದರೂ ಜೊತೆಗೆ ಒಯ್ಯತೊಡಗಿದೆ.

ಆ ಧೈರ್ಯದ ಮೇಲೆಯೇ ನಮ್ಮ ಗೌಂಡಿ ಚಾಚಾಗೆ ಮಾತು ಕೊಟ್ಟೆ. ಅವರು ಮುದ್ದೇಬಿಹಾಳದವರು, ಕಲ್ಲು ಮತ್ತು ಸಿಮೆಂಟಿನ ಕೆಲಸದಲ್ಲಿ ಅವರನ್ನು ಸರಿಗಟ್ಟುವವರಿರಲಿಲ್ಲ. ನಾಲ್ಕು ತಾಲ್ಲೂಕಿನ ಮನೆಗಳಿಗೆ ಸ್ಲಾಬ್ ಹಾಕಿದ ಮನುಷ್ಯ, ಸ್ವಂತ ಮನೆಯಲ್ಲಿ ಹಿಂದಿನ ಒಂದು ಖೋಲಿಗೆ ತಗಡು ಹೊದಿಸಿಕೊಂಡು, ಮುಂದಿನ ಮೂರು ಖೋಲಿಗೆ ಬರೀ ಗೋಡೆ ಎಬ್ಬಿಸಿ ಬಿಟ್ಟಿದ್ದರು. ಅವರ ಕೂಲಿಯ ಕೊನೆಯ ಕಂತನ್ನು ಈ ಪೂಲಿನ ಠೇವಣಿ ಬಂದ ದಿನ ಒಟ್ಟಿಗೆ ಕೊಡುತ್ತೇನೆ, ಅದರಲ್ಲಿ ಸ್ಲಾಬ್ ಹಾಕಿಕೊಳ್ಳಿ ಎಂದೆ. ಬರುತ್ತದೆಯೇ ಎಂದು ಕೇಳಿದರು. ಕಲಂ ಇದೆ ಎಂದೆ.

ಅಡಿಪಾಯ ಮುಗಿಯಿತು, ಮೊದಲ ಬಿಲ್ಲು ಮೂರು ತಿಂಗಳಾದರೂ ಬರಲಿಲ್ಲ. ನಾನು ಎಂಜಿನಿಯರ್ ಸಾಹೇಬರ ಖೋಲಿಗೆ ಹೋಗಿ ಬಿಲ್ಲನ್ನು ಅವರ ಎದುರಿಗೇ ಇಟ್ಟು, ಕರಾರಿನ ಕಲಂ ಪ್ರಕಾರ ಇದನ್ನು ತಡೆಯುವ ಹಾಗಿಲ್ಲ ಎಂದೆ. ಸಾಹೇಬರು ಕೆಟ್ಟ ಮನುಷ್ಯರಲ್ಲ, ಆದರೆ ಕಲಂ ಎಂಬ ಮಾತನ್ನು ಗುತ್ತಿಗೆದಾರನ ಬಾಯಲ್ಲಿ ಕೇಳಿದವರಲ್ಲ. ಕುರ್ಚಿಗೆ ಒರಗಿ, "ಎಲ್ಲಿ ಐತ್ರಿ ಕಲಂ? ತರ್ರಿ ನೋಡೂಣು," ಎಂದರು.

ಬಾಗಿಲಲ್ಲಿ ನಿಂತಿದ್ದ ಜವಾನರು ನಿವೃತ್ತಿಗೆ ಬಂದ ಹಿರಿಯರು. ಅವರ ಮನೆಯ ಮಾತಿನಲ್ಲಿ ಕಲಂ ಎಂದರೆ ಪೆನ್ನು. ಸಾಹೇಬರು ಕಲಂ ಕೇಳಿದರು ಎಂದು ಅವರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಅದರ ಟೋಪಿ ಬಿಚ್ಚಿ, ಸಾಹೇಬರ ಕೈಗೇ ಕೊಟ್ಟರು. ಇಪ್ಪತ್ತು ವರ್ಷದ ರೂಢಿ. ಕೈಗೆ ಪೆನ್ನು ಬಂದ ಕೂಡಲೇ ಸಾಹೇಬರ ಕೈ ಎದುರಿಗಿದ್ದ ಕಾಗದದ ಕೆಳತುದಿಗೆ ಹೋಯಿತು. ಅರ್ಧ ಸಹಿ ಆದ ಮೇಲೆ ಅವರಿಗೆ ಎಚ್ಚರವಾಯಿತು. ಅರ್ಧ ಸಹಿ ಬಿಡುವುದಕ್ಕೆ ಅವರಿಗೂ ನಾಚಿಕೆಯಾಗಿರಬೇಕು, ಪೂರ್ತಿ ಮಾಡಿದರು. ಬಿಲ್ಲು ಎತ್ತಿಕೊಂಡು ನಾನು ಹೊರಗೆ ಬರುವಾಗ ಜವಾನರು ಒಳಗೆ ವಿನಂತಿ ಮಾಡುತ್ತಿದ್ದರು. "ನನ್ನ ಕಲಂ ನನಗ ಕೊಡ್ರಿ ಸಾಹೇಬ್ರ. ಬಂದಾವ್ರೆಲ್ಲಾ ಇದನ್ನ ಒಯ್ಯಾಕ ನೋಡತಾರ."

೩. ಒಂದು ಮಳೆಗಾಲ

ಸಿಮೆಂಟ್ ಅಂಗಡಿಯವನ ಜೊತೆ ಆದ ಒಂದು ಜಗಳ ಬಿಟ್ಟರೆ ಬೇರೆ ತಂಟೆಯಿಲ್ಲದೆ, ಬೇಸಿಗೆ ಮುಗಿಯುವ ಮೊದಲೇ ಪೂಲು ಮುಗಿಯಿತು. ಕೊನೆಯ ಬಿಲ್ಲೂ ಬಂತು. ಇನ್ನು ಉಳಿದದ್ದು ಠೇವಣಿ, ನಲವತ್ತೆರಡು ಸಾವಿರ. ಕರಾರಿನಲ್ಲಿ ಅದಕ್ಕೊಂದು ಷರತ್ತು ಇತ್ತು. ಕೆಲಸ ಒಂದು ಮಳೆಗಾಲವನ್ನು ತಾಳಿಕೊಂಡ ಮೇಲೆ ಠೇವಣಿ ಬಿಡತಕ್ಕದ್ದು. ನಾನು ಅದಕ್ಕೂ ಕೆಂಪು ಗೆರೆ ಎಳೆದಿದ್ದೆ. ಮಳೆಗಾಲ ಎಂದರೆ ನಾಲ್ಕು ತಿಂಗಳು, ಅದೇನು ಮಹಾ.

ಷರತ್ತು ಬರೆದವರು ಯಾವ ಊರಿನವರೋ ಗೊತ್ತಿಲ್ಲ, ಹೊರ್ತಿಯವರಂತೂ ಅಲ್ಲ. ಆ ವರ್ಷ ಮೋಡ ಬಂದವು, ನಮ್ಮನ್ನು ನೋಡಿದವು, ಮಹಾರಾಷ್ಟ್ರದ ಕಡೆ ಹೋದವು. ಧೂಳು ಕೂರುವಷ್ಟು ನಾಲ್ಕು ಹನಿ ಬಿದ್ದದ್ದು ಬಿಟ್ಟರೆ ಹಳ್ಳದಲ್ಲಿ ನೀರು ಹರಿಯಲಿಲ್ಲ. ದಸರೆ ಮುಗಿಸಿ ನಾನು ಸಾಹೇಬರ ಹತ್ತಿರ ಹೋದೆ. ಮಳೆಗಾಲ ಮುಗಿಯಿತು, ಠೇವಣಿ ಬಿಡಿ ಎಂದೆ.

"ಹಳ್ಳ ಬಂತೇನ್ರಿ?" ಎಂದರು. ನಮ್ಮ ಕಡೆ ಹಳ್ಳಕ್ಕೆ ನೀರು ತುಂಬಿ ಹರಿದರೆ ಹಳ್ಳ ಬಂತು ಅನ್ನುತ್ತಾರೆ, ಅಷ್ಟು ದಿನ ಎಲ್ಲೋ ಹೋಗಿದ್ದ ನೆಂಟನ ಹಾಗೆ.

ಬರಲಿಲ್ಲ ಎಂದು ಒಪ್ಪಿಕೊಂಡೆ. ಹಾಗಾದರೆ ಪೂಲು ತಾಳಿಕೊಂಡದ್ದು ಏನನ್ನು ಎಂದು ಅವರು ಕೇಳಿದರು. ನಾನು ಪುಸ್ತಕ ತೆಗೆದೆ.

"ಮಳಿ ಬ್ಯಾರೆ, ಮಳೆಗಾಲ ಬ್ಯಾರೆ ಸಾಹೇಬ್ರ. ಇಲ್ಲಿ ಮಳೆಗಾಲ ಅಂತ ಐತಿ. ಅದು ಕ್ಯಾಲೆಂಡರದಾಗ ಬರತೈತಿ, ಮೋಡದಾಗ ಅಲ್ಲ."

"ನೀರ ಇಲ್ಲದ ಪೂಲು ಗಟ್ಟಿ ಐತಿ ಅಂತ ನಾ ಹ್ಯಾಂಗ ಬರೀಲಿ? ನೀರ ಇಲ್ಲದಾಗ ಪೂಲು ಇಲ್ಲದಿದ್ರೂ ನಡೀತೈತಿ."

ಈ ಮಾತಿಗೆ ನನ್ನಲ್ಲಿ ಕಲಂ ಇರಲಿಲ್ಲ. ಆದರೂ ಬಿಡಲಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಕಾಯ್ದೆಬದ್ಧವಾಗಿ ಮಳೆಗಾಲ ನಡೆದುಹೋಗಿದೆ ಎಂದು ಎರಡು ಪುಟದ ಅರ್ಜಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಕಚೇರಿ ಉತ್ತರ ಕೊಡಲೇಬೇಕು ಎನ್ನುವುದೂ ನನ್ನ ನಾಲ್ಕೈದು ಕಲಮುಗಳಲ್ಲಿ ಒಂದು. ಇಪ್ಪತ್ತು ದಿನಕ್ಕೆ ಉತ್ತರ ಬಂತು, ಒಂದೇ ಸಾಲು. "ತಾವು ತಿಳಿಸಿದ ಮಳೆಗಾಲವು ಈ ಕಚೇರಿಯ ಗಮನಕ್ಕೆ ಬಂದಿರುವುದಿಲ್ಲ."

೪. ಮಾವ ಬಂದದ್ದು

ನಮ್ಮ ಮಾವನವರ ಊರು ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರ. ಆ ದಿನಗಳಲ್ಲಿ ಅಲ್ಲೆಲ್ಲ ಪಂಚಾಯ್ತಿ ಚುನಾವಣೆ ಮುಗಿದು ಫಲಿತಾಂಶದ ಗಾಳಿ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಪರಿಚಯದವರು ಹೇಗಿದ್ದೀರಿ ಎಂದು ಕೇಳಿದಾಗ ನಾನು ಬೇಸರದಲ್ಲಿ, ಠೇವಣಿ ಹೋದ ಹಾಗೇ ಅಂದುಬಿಟ್ಟೆ. ಠೇವಣಿ ಎಂಬ ಮಾತು ನಮ್ಮ ಮಂದಿ ಕೇಳುವುದು ಚುನಾವಣೆಯ ಫಲಿತಾಂಶದಲ್ಲಿ ಮಾತ್ರ. ಅದು ಹೋಗುವುದೂ ಅಲ್ಲಿ ಮಾತ್ರ.

ಮೂರನೇ ದಿನಕ್ಕೆ ಮಾವನವರು ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಡನೆ ಇಂಡಿಯ ನಮ್ಮ ಮನೆಗೆ ಬಂದರು. ಸತ್ತವರ ಮನೆಗೆ ಬಂದವರ ಹಾಗೆ ಸದ್ದಿಲ್ಲದೆ ಕುಳಿತರು. ನೀರು ಕೊಟ್ಟರೆ ಅರ್ಧ ಕುಡಿದು ಇಟ್ಟರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಎಷ್ಟ ಬಂದಾವ ಅಳಿಯಾರ?"

ಠೇವಣಿಯ ವಿಷಯ ಇವರಿಗೂ ಮುಟ್ಟಿದೆ ಎಂದು ನನಗೆ ಸಮಾಧಾನವೇ ಆಯಿತು. "ಬರೂದು ನಲವತ್ತೆರಡು ಮಾವ. ಇನ್ನೂ ತನಕ ಒಂದೂ ಬಂದಿಲ್ಲ," ಎಂದೆ.

ಮಾವನವರು ಕಣ್ಣು ಮುಚ್ಚಿದರು. ಒಂದೂ ಇಲ್ಲವೇ ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ನಿಮ್ಮದಾದರೂ ಹಾಕಿದ್ದಿರೋ ಇಲ್ಲವೋ ಎಂದರು. ನನ್ನದೆಲ್ಲ ಹಾಕಿಯೇ ಈ ಗತಿ ಬಂತು ಎಂದೆ. ಆಗ ಅವರು ಅಡುಗೆ ಮನೆಯ ಕಡೆ ತಿರುಗಿ ಮಗಳನ್ನು ಕರೆದರು.

"ಗಂಡನ ಕಡೆ ಮಂದಿ ಇರ್ಲಿಕ್ಕಿಲ್ಲ. ನೀನರ ಒಂದು ಹಾಕಬಾರದಾಗಿತ್ತೇನವಾ?"

ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ನಾ ಹಾಕಿದ್ದ ಸಾಕಪ್ಪ. ಮದಲ ಬಂಗಾರದ ಬಳಿ ಹಾಕೇನಿ, ಇನ್ನ ಹಾಕಂಗಿಲ್ಲ," ಎಂದಳು. ಪೂಲಿನ ಕೆಲಸ ಶುರುವಾದಾಗ ಅವಳ ಬಳೆ ಅಡವಿಟ್ಟದ್ದು ಅವಳ ಮನಸ್ಸಿನಲ್ಲಿ ಕುದಿಯುತ್ತಲೇ ಇತ್ತು. ಒಂದು ಮತಕ್ಕೆ ಬಂಗಾರದ ಬಳೆ ಎಂದು ತಿಳಿದ ಮಾವನವರು ಎದ್ದೇ ನಿಂತರು, ಅಂಥ ಹಲ್ಕಾ ಊರಿನಲ್ಲಿ ಮಗಳನ್ನು ಬಿಡುವುದಿಲ್ಲ ಎಂದರು.

ಬಿಡಿಸಿ ಹೇಳಲು ಅರ್ಧ ತಾಸು ಹಿಡಿಯಿತು. ಚುನಾವಣೆ ಇಲ್ಲ, ಮತ ಇಲ್ಲ, ಇದು ಪೂಲಿನ ಠೇವಣಿ, ನಲವತ್ತೆರಡು ಸಾವಿರ ರೂಪಾಯಿ ಸರಕಾರದಲ್ಲಿ ಸಿಕ್ಕಿಬಿದ್ದಿದೆ, ಹಳ್ಳ ಬಂದರೆ ಸಿಗುತ್ತದೆ ಎಂದೆ. ಮಾವನವರ ಮುಖ ಅರಳಿತು. ಉಳಿದರ್ಧ ನೀರನ್ನೂ ಕುಡಿದರು. "ಹಂಗಂದ್ರ ಚಿಂತಿ ಇಲ್ಲ ಬಿಡ್ರಿ," ಎಂದರು, "ಮರ್ಯಾದಿ ಹೋಗೇತಿ ಅಂತ ಮಾಡಿದ್ದೆ. ಬರೇ ರೊಕ್ಕ ಹೋಗೇತಿ."

೫. ಮುದ್ದೇಬಿಹಾಳದಿಂದ ಫೋನು

ಎರಡನೆಯ ಮಳೆಗಾಲ ಬಂತು. ನಾನು ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಬಂದು ಆಕಾಶ ನೋಡುವುದನ್ನು ಕಂಡು ಓಣಿಯವರು, ಹೊಲ ಯಾವಾಗ ಕೊಂಡಿರಿ ಎಂದು ಕೇಳತೊಡಗಿದರು. ತಹಸೀಲ್ದಾರ ಕಚೇರಿಯ ಆವರಣದಲ್ಲಿ ಮಳೆ ಅಳೆಯುವ ಒಂದು ಡಬ್ಬಿ ಇರುತ್ತದೆ. ಅಲ್ಲಿಗೂ ಹೋಗಿ ವಿಚಾರಿಸುತ್ತಿದ್ದೆ. ಅದನ್ನು ನೋಡಿಕೊಳ್ಳುವವರು, ಬಿದ್ದರೆ ಮೊದಲು ನಿಮಗೇ ಹೇಳಿ ಆಮೇಲೆ ರಿಜಿಸ್ಟರಿಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದರು.

ನನಗಿಂತ ಪೇಚಿನಲ್ಲಿ ಇದ್ದವರು ಗೌಂಡಿ ಚಾಚಾ. ನನ್ನದು ಬರೀ ಮಾತು ಉಳಿಸಿಕೊಳ್ಳುವ ಪ್ರಶ್ನೆ, ಅವರದು ಸೂರಿನದು. ಮಳೆ ಬಂದರೆ ಸ್ಲಾಬಿಗೆ ರೊಕ್ಕ ಬರುತ್ತದೆ, ಆದರೆ ಸ್ಲಾಬ್ ಇಲ್ಲದ ಗೋಡೆ ನೆನೆಯುತ್ತದೆ. ಮಳೆ ಬಾರದಿದ್ದರೆ ಗೋಡೆಗೇನೂ ಆಗುವುದಿಲ್ಲ, ರೊಕ್ಕವೂ ಬರುವುದಿಲ್ಲ. ಅವರಿಗೆ ಮಳೆ ಬೇಕೋ ಬೇಡವೋ ಎಂದು ಅವರ ಬೇಗಂ ಕೇಳಿದರೆ ಚಾಚಾ ಬೀಡಿ ಹಚ್ಚುತ್ತಿದ್ದರಂತೆ. ಅವರು ಒಂದು ಸಲವೂ ನನ್ನನ್ನು ದಬಾಯಿಸಿ ಕೇಳಲಿಲ್ಲ. ಕೇಳಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಚಾಚಾರ ಫೋನು ಬಂತು. ಹಿಂದೆ ಸುರಿಯುವ ಸದ್ದು ನನಗೇ ಕೇಳುತ್ತಿತ್ತು. ಅಲ್ಲಿ ಒಂದು ತಾಸಿನಿಂದ ಹಿಡಿದ ಮಳೆ ಬಿಟ್ಟಿಲ್ಲ, ಮುಂದಿನ ಮೂರು ಖೋಲಿಯಲ್ಲಿ ಮೊಣಕಾಲ ತನಕ ನೀರು ನಿಂತಿದೆ ಎಂದರು. ಹೊರ್ತಿಯ ಕಡೆ ಹೇಗಿದೆ ಎಂದು ಕೇಳಿದರು. ನಾನು ಕಿಟಕಿಯಿಂದ ಆ ದಿಕ್ಕಿಗೆ ಹಣಿಕಿ ನೋಡಿದೆ. ಒಳ್ಳೆ ಬಿಸಿಲು, ನಮ್ಮ ಮನೆಯವರು ಮೆಣಸಿನಕಾಯಿ ಒಣ ಹಾಕಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಚಾಚಾ ನಿಧಾನಕ್ಕೆ ಹೇಳಿದರು. "ಗುತ್ತೇದಾರ್ರ, ಅಲ್ಲಾಹ್ ನಮ್ಮ ಬಿಲ್ ಪಾಸ್ ಮಾಡ್ಯಾನ್ರಿ. ವಿಳಾಸ ತಪ್ಪಿ ಬರದಾನ."

೬. ಗಮನಕ್ಕೆ ಬಂತು

ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಚಾಚಾ ಆಗ ಇಂಡಿಯಲ್ಲೇ ಬೇರೊಂದು ಕೆಲಸಕ್ಕೆ ಬಂದು ನಮ್ಮಲ್ಲಿ ಉಳಿದಿದ್ದರು. ಮುಂಜಾನೆ ಹೊರ್ತಿಯ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ನನ್ನನ್ನು ಕಂಡವನೇ, "ನಿಮ್ಮ ಹಳ್ಳ ಬಂದೈತಿ ನೋಡ್ರಿ," ಎಂದ. ರಾತ್ರಿಯೆಲ್ಲ ಆ ಭಾಗದಲ್ಲಿ ಸುರಿದಿತ್ತಂತೆ. ನಾನು ಚಾಚಾರನ್ನು ಹಿಂದೆ ಕೂರಿಸಿಕೊಂಡು ನೇರ ಸಾಹೇಬರ ಮನೆಗೆ ಹೋದೆ. ಸಾಹೇಬರು ನಾಳೆ ನೋಡೋಣ ಎಂದರು. ನಮ್ಮ ಹಳ್ಳ ನಾಳೆಯ ತನಕ ಕಾಯುವ ಹಳ್ಳವಲ್ಲ, ಎರಡು ತಾಸು ಬಿಟ್ಟು ಹೋದರೆ ಬರೀ ಕೆಸರು ಕಾಣುತ್ತದೆ, ಆಮೇಲೆ ಮತ್ತೆ ಗಮನಕ್ಕೆ ಬಂದಿಲ್ಲ ಅನ್ನುತ್ತೀರಿ ಎಂದೆ. ನಕ್ಕು ಜೀಪು ತರಿಸಿದರು.

ಹೋಗಿ ನೋಡಿದರೆ ಕಣ್ಣಿಗೆ ಹಬ್ಬ. ಕೆಂಪು ನೀರು ಪೂಲಿನ ಕೆಳಗೆ ಸರಾಗವಾಗಿ ಹೋಗುತ್ತಿತ್ತು. ಜೀಪನ್ನು ಈಚೆ ದಿಬ್ಬದ ಮೇಲೆ ನಿಲ್ಲಿಸಿ, ಡ್ರೈವರನನ್ನು ಅಲ್ಲೇ ಬಿಟ್ಟು, ನಾವು ಮೂವರೂ ಜಿನುಗುತ್ತಿದ್ದ ಮಳೆಯಲ್ಲಿ ಒಂದೇ ಕೊಡೆ ಹಿಡಿದು ನಡೆದು ಪೂಲಿನ ನಡುವಿಗೆ ಬಂದೆವು. ಸಾಹೇಬರು ಪೂಲಿನ ಬದಿಯ ಕಟ್ಟೆಯ ಮೇಲಿನಿಂದ ಬಗ್ಗಿ ನೋಡಿ, ಪರವಾಗಿಲ್ಲ, ಆದರೆ ಇದೇನು ಅಂಥ ನೀರಲ್ಲ ಎಂದರು. ಅವರ ಮಾತು ಮೇಲಿನವನಿಗೆ ಕೇಳಿಸಿತೋ ಏನೋ. ಮೇಲ್ಗಡೆ ಎಲ್ಲಿಯದೋ ಒಡ್ಡು ಒಡೆದು ಒಂದೇ ಸಲ ನೀರು ಏರಿ ಬಂತು.

ಪೂಲು ಎತ್ತರಕ್ಕಿತ್ತು, ಎರಡೂ ಬದಿಯ ರಸ್ತೆ ತಗ್ಗಿಗಿತ್ತು. ರಸ್ತೆ ಏರಿಸುವ ಕೆಲಸವನ್ನು ಅಂದಾಜು ಪಟ್ಟಿಯಿಂದ ತೆಗೆದುಹಾಕಿದವರು ಸಾಹೇಬರೇ. ನೋಡನೋಡುತ್ತಿದ್ದಂತೆ ಎರಡೂ ಬದಿ ನೀರ ಕೆಳಗೆ ಹೋಯಿತು, ನಡುವೆ ಪೂಲು, ಪೂಲಿನ ಮೇಲೆ ನಾವು. ದಿಬ್ಬದ ಮೇಲಿನಿಂದ ಡ್ರೈವರ್ ಕೈಬೀಸಿ ಏನೋ ಕೂಗಿದ, ಕೇಳಿಸಲಿಲ್ಲ. ನೀರು ಸ್ಲಾಬಿನ ತಳ ಮುಟ್ಟಿತು. ಕಾಲ ಕೆಳಗೆ ಸಣ್ಣಗೆ ಅದುರಿದ ಹಾಗಾಯಿತು.

ಸಾಹೇಬರು ಕಟ್ಟೆ ಹಿಡಿದುಕೊಂಡರು. ಮುಖ ಬೆಳ್ಳಗಾಗಿತ್ತು. "ಸಿಮೆಂಟ್ ಎಷ್ಟ ಹಾಕೀರಿ ಇದಕ್ಕ?" ಎಂದು ಕೇಳಿದರು.

ನಾನು ಎದೆಯುಬ್ಬಿಸಿ, "ಅಳತಿ ಪುಸ್ತಕದಾಗ ಎಷ್ಟ ಐತಿ ಅಷ್ಟ ಸಾಹೇಬ್ರ," ಎಂದೆ.

"ಆ ಪುಸ್ತಕ ಬರದಾವ ನಾನ. ಅದನ್ನ ಬಿಡ್ರಿ, ಖರೇ ಹೇಳ್ರಿ."

ಗುತ್ತಿಗೆದಾರ ಹೆಚ್ಚು ಸಿಮೆಂಟು ಹಾಕಿರಲಿ ಎಂದು ಎಂಜಿನಿಯರರೊಬ್ಬರು ಮನಸಾರೆ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬರೆದಷ್ಟು ಹಾಕಿದ್ದೇನೆ, ಆಣೆ ಮಾಡಲೇ ಎಂದೆ. ಅವರಿಗೆ ಅಷ್ಟು ಸಾಲಲಿಲ್ಲ. ಚಾಚಾರ ಕಡೆ ತಿರುಗಿದರು. ಚಾಚಾ ಒದ್ದೆ ಟೋಪಿ ಹಿಂಡುತ್ತಾ ನನ್ನ ಮುಖ ನೋಡಿದರು, ಆಮೇಲೆ ಸಾಹೇಬರನ್ನು ನೋಡಿದರು.

"ಅಂಜಬ್ಯಾಡ್ರಿ ಸಾಹೇಬ್ರ. ಪುಸ್ತಕದಾಗ ಇದ್ದದ್ದಕ್ಕಿಂತ ಎರಡು ಚೀಲ ಹೆಚ್ಚಿಗಿನ ಹಾಕೇನಿ. ಇವರಿಗೆ ಹೇಳಿಲ್ಲ."

ಸಾಹೇಬರು ಚಾಚಾರ ಎರಡೂ ಕೈ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಕಾಲ ಕೆಳಗೆ ಹಳ್ಳ ಮೊರೆಯುತ್ತಿದೆ, ನನ್ನ ಕಣ್ಣಿಗೆ ಕಂಡದ್ದು ಆ ಎರಡು ಚೀಲ. ಯಾರನ್ನು ಕೇಳಿ ಹಾಕಿದಿರಿ, ಅದು ಯಾರ ಸಿಮೆಂಟು ಎಂದು ಅಲ್ಲೇ ಜಗಳ ತೆಗೆದೆ.

"ನಿಮ್ಮದ್ರಿ," ಎಂದರು ಚಾಚಾ. "ಆದ್ರ ನನ್ನ ಮನಿ ಸ್ಲಾಬು ಇದರ ಠೇವಣಿದಾಗ ಇತ್ತಲ್ರಿ. ಇದು ಬಿದ್ರ ಅದೂ ಬೀಳತಿತ್ತು. ನಿಮಗ ಕಲಮಿನ ಮ್ಯಾಲ ನಂಬಿಗಿ, ನನಗ ಸಿಮೆಂಟಿನ ಮ್ಯಾಲ."

ಎರಡು ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ನಾನು ಹೊತ್ತು ತಿರುಗಿದ ಪುಸ್ತಕ ಆಗಲೂ ನನ್ನ ಕಂಕುಳಲ್ಲಿತ್ತು, ಅದು ನಮ್ಮ ಮೂವರಲ್ಲಿ ಯಾರನ್ನೂ ಹೊತ್ತು ನಿಂತಿರಲಿಲ್ಲ. ಚಾಚಾರ ಮೇಲೆ ಪ್ರೀತಿ ಉಕ್ಕಿತು, ಸಿಟ್ಟೂ ಹೋಗಲಿಲ್ಲ.

ಆದರೂ ಗುತ್ತಿಗೆದಾರ ಗುತ್ತಿಗೆದಾರನೇ. ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಸಾಹೇಬರಿಗೆ ಕೊಟ್ಟೆ. ಅವರು ಚಾಚಾ ಹಿಡಿದ ಕೊಡೆಯ ಕೆಳಗೆ, ಕಟ್ಟೆಯನ್ನೇ ಮೇಜು ಮಾಡಿಕೊಂಡು ಬರೆದರು. ಹಳ್ಳ ಬಂದಿದೆ, ಸೇತುವೆ ತಾಳಿಕೊಂಡಿದೆ, ಠೇವಣಿ ಬಿಡಲು ಅಡ್ಡಿಯಿಲ್ಲ. ಸ್ಥಳ ಎಂಬಲ್ಲಿ "ಸೇತುವೆಯ ಮೇಲೆ" ಎಂದು ಬರೆದರು. ನೀರು ಇಳಿದು ನಾವು ಜೀಪು ಹತ್ತುವಾಗ ಮೂರು ತಾಸಿನ ಮೇಲಾಗಿತ್ತು.

ಮರುದಿನ ಕಚೇರಿಯಲ್ಲಿ ಗುಮಾಸ್ತರು ಆ ಕಾಗದವನ್ನು ಎರಡು ಸಲ ಓದಿ, ಇಷ್ಟು ಸಣ್ಣ ಪೂಲಿನ ತಪಾಸಣೆಗೆ ಮೂರು ತಾಸು ಹೇಗೆ ಹಿಡಿಯಿತು, ಆಡಿಟ್‌ನವರು ಕೇಳುತ್ತಾರೆ ಎಂದರು. "ಇಳಿಯಾಕ ದಾರಿ ಇರ್ಲಿಲ್ಲ ಅಂತ ಬರೀರಿ," ಎಂದರು ಸಾಹೇಬರು. ತಿಂಗಳೊಳಗೆ ಚೆಕ್ಕು ಬಂತು. ಹೆಂಡತಿಯ ಬಳೆ ಬಿಡಿಸಿದೆ.

ಮುದ್ದೇಬಿಹಾಳದಲ್ಲಿ ಚಾಚಾರ ಮನೆಗೆ ಸ್ಲಾಬ್ ಹಾಕುವ ದಿನ ನಾನೂ ಹೋದೆ. ಚಾಚಾ ಅಂದು ಹೊಸ ಅಂಗಿ ತೊಟ್ಟು, ಬೇರೆ ಗೌಂಡಿಗಳಿಗೆ ಹುಕುಂ ಕೊಡುತ್ತಾ ಓಡಾಡುತ್ತಿದ್ದರು. ಅವರ ಕೊನೆಯ ಕಂತನ್ನು ಎಣಿಸಿ ಕೈಗಿಟ್ಟು, ತಮಾಷೆಗೆ, ಆ ಎರಡು ಚೀಲದ ದುಡ್ಡು ಹಿಡಿದುಕೊಳ್ಳಬೇಕಿತ್ತು ಎಂದೆ.

ಚಾಚಾ ನಗಲಿಲ್ಲ. ನೋಟನ್ನು ವಾಪಸ್ ಚಾಚಿ, "ಹಿಡ್ಕೊಳ್ರಿ, ಅದು ನ್ಯಾಯ," ಎಂದರು. "ಆದ್ರ ಎರಡು ಅಲ್ರಿ. ಹನ್ನೊಂದು."

ಪೂಲಿನ ಕೆಲಸದಲ್ಲಿ ಹನ್ನೊಂದು ಚೀಲ ಕಡಿಮೆ ಬಿದ್ದವು ಎಂದು ಇಂಡಿಯ ಸಿಮೆಂಟ್ ಅಂಗಡಿಯವನ ಮೇಲೆ ಕಳ್ಳತನ ಹೊರಿಸಿ, ಬಜಾರಿನಲ್ಲಿ ಮಂದಿ ಸೇರುವ ಹಾಗೆ ಜಗಳಾಡಿ, ಎರಡು ವರ್ಷದಿಂದ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ನಿಂತಲ್ಲೇ ಬೆವತೆ. ಹನ್ನೊಂದು ಹಾಕಿ ಅವತ್ತು ಸಾಹೇಬರ ಮುಂದೆ ಎರಡು ಅಂತ ಯಾಕೆ ಹೇಳಿದಿರಿ ಎಂದು ಕೇಳಿದೆ.

"ನೀರ ಭಾಳ ಇತ್ತಲ್ರಿ," ಎಂದರು ಚಾಚಾ. "ಹನ್ನೊಂದು ಅಂದಿದ್ರ ನೀವು ಹಳ್ಳಕ್ಕ ಹಾರತಿದ್ರಿ."